ನಂಬರ್ ಕೂಡಲಿಲ್ಲ

ಕಾರು ಮಾರಾಟಕ್ಕಿದೆ ಎಂದು ಬರೆಯಲು ಕೂತೆ. 1972ರ ಎಂಜಿಬಿ ರೋಡ್‌ಸ್ಟರ್, ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಎರಡು ಸೀಟು, ಮಡಚುವ ಬಟ್ಟೆ ಟಾಪು, ಕ್ರೋಮ್ ಬಂಪರ್. ಇಷ್ಟು ಸರಾಗವಾಗಿ ಬಂತು. ಮುಂದಿನ ಸಾಲಿಗೆ ಪೆನ್ನು ನಿಂತಿತು. 'ಎಂಜಿನ್ ಬದಲಾಗಿದೆ' ಎನ್ನಬೇಕೋ, 'ಎಂಜಿನ್ ಹೊಸದಾಗಿ ಕೂರಿಸಿದ್ದು' ಎನ್ನಬೇಕೋ? ಮೊದಲನೆಯದು ತಪ್ಪೊಪ್ಪಿಗೆ, ಎರಡನೆಯದು ಜಂಬ. ಇಂಗ್ಲೆಂಡಿನಲ್ಲಿ ಹಳೆ ಕಾರಿನ ಹುಚ್ಚಿನವರಿಗೆ ಕಾರ್ಖಾನೆಯಲ್ಲಿ ಕೂರಿಸಿದ ಮೊದಲ ಎಂಜಿನ್ನೇ ಬೇಕು.

ತಿಪಟೂರಿನಲ್ಲಾದರೆ ಈ ಪೇಚಾಟವೇ ಇರುತ್ತಿರಲಿಲ್ಲ. ಅಪ್ಪ ಅಂಬಾಸಿಡರ್ ಮಾರುವಾಗ, ಬಂದವರಿಗೆ ಕಾಫಿ ಕೊಡುವ ಮೊದಲೇ ಹೇಳುತ್ತಿದ್ದ ಮಾತು ಅದು. "ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಕೂರಿಸಿದೀನಿ ಸ್ವಾಮಿ, ಇನ್ನು ಬಾನೆಟ್ ಎತ್ತೋ ಹಾಗೇ ಇಲ್ಲ." ರೇಟು ಇಳಿಸಲು ಬಂದವರೂ ಸುಮ್ಮನಾಗುತ್ತಿದ್ದರು. ತೆಗೆದ ಎಂಜಿನ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು.

ಹಾಗೆ ಹೋದದ್ದು ನನ್ನ ಈ ಕಾರಿನ ಎಂಜಿನ್ನಿಗೆ ದಾಯಾದಿ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಮನೆತನ. ಅಂಬಾಸಿಡರಿನದು 1489 ಸಿಸಿ, ಎಂಜಿಬಿಯದು 1798. ಅಲ್ಲಿ ಮದುವೆ ದಿಬ್ಬಣ ಹೊತ್ತಿತು, ಇಲ್ಲಿ ಭಾನುವಾರದ ಬಿಸಿಲಿಗೆ ತಲೆ ತೆರೆದುಕೊಂಡು ತಿರುಗಿತು. ಇಂಗ್ಲೆಂಡಿಗೆ ಬಂದ ಮೇಲೆ ಒಮ್ಮೆ ಯಾರದೋ ಅಂಗಳದಲ್ಲಿ ಇದು ಸ್ಟಾರ್ಟ್ ಆಯಿತು. ಅಪ್ಪನ ಕಾರಿನ ಬೆಳಗಿನ ಕೆಮ್ಮೇ ಕೇಳಿಸಿತು. ಹೆಂಡತಿಗೆ ಬೇರೆ ಕಾರಣ ಹೇಳಿ ಕೊಂಡುಬಿಟ್ಟೆ.

ಅಪರೂಪದ ಮಾಲೇನೂ ಅಲ್ಲ. 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ನಿನಲ್ಲಿ, ತಗಡಿನ ಚಾವಣಿಯ ಜಿಟಿ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಎಂಜಿನ್ ಸವೆದರೆ ಕಂಪನಿಯವರೇ ಇನ್ನೊಂದನ್ನು ರಿಪೇರಿ ಮಾಡಿ, ಚಿನ್ನದ ಬಣ್ಣ ಬಳಿದು ಕೊಡುತ್ತಿದ್ದರು. ಅದಕ್ಕೆ ಗೋಲ್ಡ್ ಸೀಲ್ ಎಂದು ಹೆಸರು. ನನ್ನ ಕಾರಿನಲ್ಲಿರುವುದು ಅದೇ. ಸಂದುಗಳಲ್ಲಿ ಇನ್ನೂ ಚಿನ್ನ ಮಿನುಗುತ್ತದೆ. ಕಂಡವರಿಗೆಲ್ಲ ತೋರಿಸುತ್ತಿದ್ದೆ.

ನೋಡಲು ಬಂದವರು ನಿವೃತ್ತ ಮೇಷ್ಟ್ರು. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಬಾಗಿಲ ಕೆಳಗಿನ ಸಿಲ್ ಉದ್ದಕ್ಕೂ ಓಡಿಸಿದರು. ಅಂಟದಿದ್ದರೆ ಒಳಗೆ ತುಕ್ಕು, ಮೇಲೆ ಪುಟ್ಟಿ. ಅಂಟಿತು. ಈ ಪರೀಕ್ಷೆ ನನಗೂ ಒಪ್ಪಿಗೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಮೇಲೆ ತಗಡಿನ ಚಾವಣಿಯೂ ಇಲ್ಲದ್ದರಿಂದ ಸಿಲ್ ಕೊಳೆತರೆ ಕಾರು ನಡು ಬಗ್ಗಿಸುತ್ತದೆ. ಕೆಳಗೆ ಹಾಸಿದ್ದ ರಟ್ಟಿನ ಮೇಲಿನ ಎಣ್ಣೆ ಕಲೆ ನೋಡಿ, ಹಳೆ ಪರಿಚಯದವರನ್ನು ಕಂಡ ಹಾಗೆ ನಕ್ಕರು.

ಆಮೇಲೆ ಕನ್ನಡಕ ಏರಿಸಿ ಬಾನೆಟ್ಟಿನೊಳಗೆ ಬಗ್ಗಿದರು. "ನಂಬರ್ ಕೂಡುತ್ತಾ?"

ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಕಾರ್ಖಾನೆಯ ಹಳೆ ದಾಖಲೆ ನೋಡಿ ಸರ್ಟಿಫಿಕೇಟ್ ಕೊಡುತ್ತಾರೆ. ಯಾವ ದಿನ ಕಟ್ಟಿದ್ದು, ಯಾವ ಬಣ್ಣ, ಯಾವ ಎಂಜಿನ್ ನಂಬರ್, ಎಲ್ಲ ಇರುತ್ತದೆ. ಜಾತಕವೇ ಸರಿ. ಅದರಲ್ಲಿದ್ದ ನಂಬರಿಗೂ ಈ ಎಂಜಿನ್ನಿನ ಮೇಲಿನ ನಂಬರಿಗೂ ಕೂಡಲಿಲ್ಲ.

"ಸರಕಾರದ್ದೇನೂ ತಕರಾರಿಲ್ಲ" ಎಂದೆ. ನಿಜ. ಇಲ್ಲಿ ನಲವತ್ತು ದಾಟಿದ ಕಾರಿಗೆ ವರ್ಷದ ತಪಾಸಣೆ ಕಡ್ಡಾಯವಲ್ಲ. ಅದೇ ಜಾತಿಯ ಎಂಜಿನ್ ಹಾಕಿಸಿದರೆ ಆ ರಿಯಾಯಿತಿ ಹೋಗುವುದೂ ಇಲ್ಲ. ಲಾಗ್‌ಬುಕ್ಕಿನಲ್ಲಿ, ಅಂದರೆ ಇಲ್ಲಿನ ಆರ್‌ಸಿಯಲ್ಲಿ, ಹೊಸ ನಂಬರ್ ಇದ್ದರಾಯಿತು, ಇದೆ.

"ಸರಕಾರ ಒಪ್ಪುತ್ತೆ ಬಿಡಿ" ಎಂದರು, ರಿಜಿಸ್ಟರ್ ಮದುವೆ ಸುದ್ದಿ ಕೇಳಿದ ಮಾವನ ದನಿಯಲ್ಲಿ.

ಓಡುವ ಈ ಎಂಜಿನ್ನಿಗಿಂತ, ಓಡದ ಆ ಮೊದಲಿನದೇ ಮೂಲೆಯಲ್ಲಿ ಬಿದ್ದಿದ್ದರೆ ಅವರಿಗೆ ಜಾಸ್ತಿ ಸಂತೋಷವಾಗುತ್ತಿತ್ತು ಅನಿಸಿತು. ಅಪ್ಪ ಇದನ್ನು ಕೇಳಿದ್ದರೆ ನನಗೇ ಹುಚ್ಚು ಎನ್ನುತ್ತಿದ್ದರು.

ಟಾಪು ಇಳಿಸಿ, ಚೋಕ್ ಎಳೆದು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಕೆಮ್ಮಿ ಎದ್ದಿತು. ಹಳ್ಳಿ ರಸ್ತೆಯಲ್ಲಿ ಮೇಷ್ಟ್ರೇ ಓಡಿಸಿದರು. ಇದ್ದ ನಾಲ್ಕು ಕೂದಲು ಗಾಳಿಗೆ ಎದ್ದು ನಿಂತಿದ್ದವು. ಗೇರು ಬದಲಿಸುವಾಗೆಲ್ಲ ಮುಖ ಹುಡುಗನದಾಗುತ್ತಿತ್ತು. ಮನೆ ಮುಂದೆ ಇಳಿದ ಕೂಡಲೇ ಮತ್ತೆ ಗಂಭೀರರಾದರು. ಐನೂರು ಪೌಂಡ್ ಇಳಿಸಿದರು. ಒಪ್ಪಿದೆ.

ದುಡ್ಡು ಕೊಟ್ಟು, ಕಾಗದಕ್ಕೆ ಸಹಿ ಹಾಕಿ, ಸೀಟಿನಲ್ಲಿ ಕೂತ ಮೇಲೆ ಕಿಟಕಿ ಇಳಿಸಿದರು.

"ಆ ಹಳೆ ಎಂಜಿನ್ ಎಲ್ಲಾದರೂ ಸಿಕ್ಕರೆ, ಒಂದು ಫೋನ್ ಮಾಡಿ."