ಪರವಾಗಿಲ್ಲ ಅನ್ನೋದಕ್ಕೆ ಚೌಕವಿಲ್ಲ

"ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ ಸರ್?"

"ಪರವಾಗಿಲ್ಲ ಕಣಮ್ಮಾ."

ವಿಶ್ವವಿದ್ಯಾಲಯದ ಸಮೀಕ್ಷೆಗೆಂದು ಬಂದಿದ್ದ ಹುಡುಗಿ ಟ್ಯಾಬ್ಲೆಟ್ ಮೇಲೆ ಬೆರಳು ಎತ್ತಿ ಹಿಡಿದು ಹಾಗೇ ಕೂತಳು. "ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಸಾಧಾರಣ, ಚೆನ್ನಾಗಿಲ್ಲ. ಇದರಲ್ಲಿ ಯಾವುದು ಸರ್?"

ಐದರಲ್ಲಿ ಮೂರು ಹೊಗಳಿಕೆಗೇ ಹೋದವು. ಪರವಾಗಿಲ್ಲ ಅಂದರೆ ಇವ್ಯಾವುದೂ ಅಲ್ಲ. ಮಂಡಿ ನೋಯುತ್ತದೆ, ಆದರೆ ಹೇಳಿಕೊಳ್ಳುವಷ್ಟಿಲ್ಲ. ನಿದ್ದೆ ಬರುತ್ತದೆ, ಮೂರು ಗಂಟೆಗೆ ಎಚ್ಚರವೂ ಆಗುತ್ತದೆ. ನೀವು ಕೇಳಿದಿರಲ್ಲ, ಅಷ್ಟು ಸಾಕು. ಇಷ್ಟನ್ನೂ ಒಂದೇ ಮಾತಲ್ಲಿ ಹೇಳಿದರೆ ಅದಕ್ಕೆ ಚೌಕವೇ ಇಲ್ಲ.

"ಸಾಧಾರಣ ಅಂತ ಹಾಕ್ಲಾ ಸರ್?" ಹಾಕು ಅಂದೆ. ಶಾಲೆಯ ಅಂಕಪಟ್ಟಿಯಲ್ಲೂ ನನಗೆ ಇದನ್ನೇ ಬರೆಯುತ್ತಿದ್ದರು.

ಆಮೇಲೆ ಆ ಹುಡುಗಿ ಉತ್ಸಾಹದಿಂದ ಹೇಳಿದಳು: ಈ ಒಂದು ಪ್ರಶ್ನೆ ಬಹಳ ಮುಖ್ಯವಂತೆ. ಕೆನಡಾದ ಮ್ಯಾನಿಟೋಬಾದಲ್ಲಿ ವಯಸ್ಸಾದವರನ್ನು ಹೀಗೇ ಕೇಳಿ, ವರ್ಷಗಟ್ಟಲೆ ಗಮನಿಸಿ, 1982ರಲ್ಲಿ ಫಲಿತಾಂಶ ಪ್ರಕಟಿಸಿದರಂತೆ. ತಮ್ಮ ಆರೋಗ್ಯ ಚೆನ್ನಾಗಿಲ್ಲ ಅಂದವರು ಬೇಗ ಸಾಯುವ ಸಂಭವ ಜಾಸ್ತಿಯಂತೆ. ಇದನ್ನು ಮೊದಲೇ ಹೇಳಬಾರದಿತ್ತಾ? "ತುಂಬಾ ಚೆನ್ನಾಗಿದೆ ಅಂತ ಬದಲಾಯಿಸಮ್ಮಾ" ಅಂದೆ. ನಕ್ಕಳು, ಬದಲಾಯಿಸಲಿಲ್ಲ.

"ಕಳೆದ ಏಳು ದಿನಗಳಲ್ಲಿ, ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ನಡೆದದ್ದು ಎಷ್ಟು ದಿನ?"

ಐದು ಅಂದೆ. ಒಳಗಿನಿಂದ ಹೆಂಡತಿ ಕೆಮ್ಮಿದಳು. ಮೂರು ಅಂದೆ. ಮತ್ತೆ ಕೆಮ್ಮು. ಮುಂದಿನ ಪ್ರಶ್ನೆಗೆ ಹೋಗೋಣ ಅಂದೆ.

ಮುಂದಿನದು ಇನ್ನೂ ಕಷ್ಟ. "ಅಕ್ಕಪಕ್ಕದವರನ್ನು ನಂಬಬಹುದು. ಒಪ್ಪುತ್ತೀರಾ?" ಪೂರ್ತಿ ಒಪ್ಪುತ್ತೇನೆ ಅನ್ನುವುದರಿಂದ ಸುತರಾಂ ಇಲ್ಲ ಅನ್ನುವವರೆಗೆ ಮತ್ತೆ ಐದು ಮೆಟ್ಟಿಲು. 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ ಕಟ್ಟಿದ ಮೆಟ್ಟಿಲು ಇವು. ಮೆಟ್ಟಿಲು ಅಂದಾಗ ನನಗೆ ಏಣಿ ನೆನಪಾಯಿತು.

ಆ ಏಣಿ ನನ್ನದು. ಅಲ್ಯೂಮಿನಿಯಂದು, ಎಂಟು ಮೆಟ್ಟಿಲು, ಕೆಳಗೆ ಜಾರದ ರಬ್ಬರ್. ಪಕ್ಕದ ಮನೆಯವರು ಬಲ್ಬ್ ಬದಲಾಯಿಸಬೇಕು, ಅರ್ಧ ಗಂಟೆ ಸಾಕು ಅಂತ ಒಯ್ದರು. ಅದಾಗಿ ಹದಿನಾಲ್ಕು ತಿಂಗಳು. ಮೊದಲ ವಾರ ಸುಮ್ಮನಿದ್ದೆ. ಎರಡನೇ ವಾರ "ಬಲ್ಬ್ ಉರಿಯುತ್ತಿದೆಯಾ?" ಅಂತ ಕೇಳಿದೆ. ಚೆನ್ನಾಗಿ ಉರಿಯುತ್ತಿದೆ ಅಂದರು. ಮೂರನೇ ತಿಂಗಳು ಅದರ ಮೇಲೆ ಬಟ್ಟೆ ಒಣಗುತ್ತಿದ್ದವು. ಆರನೇ ತಿಂಗಳು ಹೂಕುಂಡ ಬಂದು ಕೂತವು, ಮೆಟ್ಟಿಲಿಗೊಂದರಂತೆ. ಈಗ ಬಳ್ಳಿಯೊಂದು ಹಬ್ಬಿದೆ. ಏಣಿ ಕೇಳಿದರೆ ಗಿಡ ಕೊಂದ ಪಾಪ ನನಗೆ. ಒಮ್ಮೆ ನಾನೇ ಬಲ್ಬ್ ಹಾಕಲು ಸ್ಟೂಲ್ ಹತ್ತಿ ಜಾರಿದೆ. ಮಂಡಿ ನೋವು ಶುರುವಾಗಿದ್ದೇ ಅಲ್ಲಿಂದ. ಬಿದ್ದ ಸದ್ದಿಗೆ ಮೊದಲು ಓಡಿಬಂದವರು ಯಾರು? ಅವರೇ. ಕೈಹಿಡಿದು ಎಬ್ಬಿಸಿ, "ಒಂದು ಏಣಿ ಇಟ್ಟುಕೊಳ್ಳಬಾರದಾ ಸಾರ್?" ಅಂದರು.

ಹುಡುಗಿ ತಾಳ್ಮೆಯಿಂದ ಕೇಳಿದಳು. "ಹಾಗಾದರೆ ತಟಸ್ಥ ಅಂತ ಹಾಕ್ಲಾ ಸರ್?"

ತಟಸ್ಥ! ಹದಿನಾಲ್ಕು ತಿಂಗಳು ಒಳಗೊಳಗೇ ಕುದ್ದವನು ತಟಸ್ಥನಾ? ಆರೋಗ್ಯದ ಸಮೀಕ್ಷೆಯಲ್ಲಿ ನೆರೆಯವರ ಮಾತೇಕೆ ಅಂತ ರೇಗಿದೆ. ವಿಶ್ವ ಆರೋಗ್ಯ ಸಂಸ್ಥೆ 1948ರಿಂದಲೂ ಹೇಳುತ್ತಿದೆ ಸರ್, ಅಂದಳು. ಕಾಯಿಲೆ ಇಲ್ಲದಿದ್ದರೆ ಸಾಲದು, ದೇಹ, ಮನಸ್ಸು, ನಾಲ್ಕು ಜನರ ಜೊತೆಗಿನ ಬದುಕು ಎಲ್ಲವೂ ಪೂರ್ತಿ ಚೆನ್ನಾಗಿರಬೇಕಂತೆ. ಪೂರ್ತಿಯಂತೆ! ಆ ಲೆಕ್ಕದಲ್ಲಿ ನನ್ನ ಕಾಯಿಲೆ ಕಾಂಪೌಂಡಿನ ಆಚೆ ಹೂ ಬಿಟ್ಟು ನಿಂತಿದೆ.

ಬೇಡ ಅನ್ನಿಸಿದರೆ ಕಾರಣ ಕೊಡದೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತ ಒಪ್ಪಿಗೆ ಪತ್ರದಲ್ಲಿತ್ತು. ಬೇರೆ ಯಾವ ಕೆಲಸದಲ್ಲೂ ಯಾರೂ ನನಗೆ ಇಷ್ಟು ಸ್ವಾತಂತ್ರ್ಯ ಕೊಟ್ಟಿಲ್ಲ. ಆದರೂ ಸರಿಯಲಿಲ್ಲ. ನನ್ನ ಮಾತನ್ನು ಮಧ್ಯೆ ತಡೆಯದೆ ಇಷ್ಟು ಹೊತ್ತು ಯಾರು ಕೇಳುತ್ತಾರೆ ಹೇಳಿ.

ಕೊನೆಗೆ ಥ್ಯಾಂಕ್ಸ್ ಹೇಳಿ ಪಕ್ಕದ ಮನೆಗೆ ಹೋದಳು. ಕಿಟಕಿಯ ಹತ್ತಿರ ನಿಂತೆ. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು. ಅಕ್ಕಪಕ್ಕದವರ ಪ್ರಶ್ನೆ ಬರುವ ಹೊತ್ತು. ಆ ಮನುಷ್ಯ ಎದ್ದು ಹೊರಗೆ ಬಂದು, ನನ್ನ ಮನೆಯ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ಹುಡುಗಿ ತಲೆಯಾಡಿಸುತ್ತಾ ಬೆರಳು ಒತ್ತಿದಳು.

ಎಷ್ಟನೇ ಚೌಕವೋ, ಇಲ್ಲಿಂದ ಕಾಣಿಸಲಿಲ್ಲ. ಬಳ್ಳಿ ಅಡ್ಡ ಬಂತು.