ಸತ್ಯಾಂಶ: ಮೂರನೇ ಸ್ಪೈಡರ್-ಮ್ಯಾನ್ ತೋಪಾಗಿತ್ತಾ?

ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗ ಗೆಳೆಯ ಒಂದು ಫಾರ್ವರ್ಡ್ ತೋರಿಸಿದ: "ಟೋಬಿ ಮ್ಯಾಗ್ವೈರ್‌ನ ಮೂರನೇ ಸ್ಪೈಡರ್-ಮ್ಯಾನ್ ತೋಪಾಯಿತು, ಅದಕ್ಕೇ ಹೊಸ ಹೀರೋ ಹಾಕಿ ಮೊದಲಿನಿಂದ ಶುರು ಮಾಡಿದರು."

ತಪ್ಪು. 2007ರ ಆ ಚಿತ್ರ ಜಗತ್ತಿನಾದ್ಯಂತ ಸುಮಾರು 89 ಕೋಟಿ ಡಾಲರ್ ಗಳಿಸಿತ್ತು, ಮೊದಲೆರಡರಲ್ಲಿ ಯಾವುದಕ್ಕಿಂತಲೂ ಜಾಸ್ತಿ. ಎಲ್ಲರಿಗೂ ಹಿಡಿಸಲಿಲ್ಲ, ಅದು ಬೇರೆ ಮಾತು. ಅದರಲ್ಲಿ ಹೀರೋ ರಸ್ತೆಯಲ್ಲಿ ಮಾಡುವ ಡ್ಯಾನ್ಸ್ ನೋಡಿದರೆ ನನಗೆ ಇವತ್ತಿಗೂ ನಗು. ಚಿತ್ರ ತೆಗೆದ ಸೋನಿ ಕಂಪನಿ ನಾಲ್ಕನೆಯದಕ್ಕೂ ಕೈ ಹಾಕಿತ್ತು, 2011ರ ಮೇ ತಿಂಗಳಿಗೆ ಬಿಡುಗಡೆಯೂ ಗೊತ್ತಾಗಿತ್ತು, ಆದರೆ ಕಥೆ ಕೂಡಿಬರಲಿಲ್ಲ, ಹೇಳಿದ ದಿನಕ್ಕೆ ಮುಗಿಯಲ್ಲ ಅಂತ ನಿರ್ದೇಶಕ ಸ್ಯಾಮ್ ರೈಮಿ ಹಿಂದೆ ಸರಿದರು. ಸ್ಪೈಡರ್-ಮ್ಯಾನ್ ಕಾಮಿಕ್ಸ್‌ನ ಮಾರ್ವೆಲ್ ಕಂಪನಿಯಿಂದ ಪಡೆದ ಹಕ್ಕು ಉಳಿಯಬೇಕಾದರೆ ಸೋನಿ ಆಗಾಗ ಚಿತ್ರ ತೆಗೆಯಲೇಬೇಕು, ಸುಮ್ನೆ ಕೂರೋಕಾಗಲ್ಲ ಅಲ್ವಾ? ಹಾಗಾಗಿ 2012ರಲ್ಲಿ ಹೊಸ ಹೀರೋ ಆಗಿ ಆಂಡ್ರ್ಯೂ ಗಾರ್‌ಫೀಲ್ಡ್ ಬಂದರು.

ಇಷ್ಟು ಹೇಳುವಷ್ಟರಲ್ಲಿ ನನ್ನ ಪ್ಲೇಟಿನ ಮಿರ್ಚಿ ಯಾರೋ ಎತ್ತಿಬಿಟ್ಟಿದ್ದರು.