ಕಲಾಮಂದಿರವನ್ನು ಚೆಂದಗಾಣಿಸುವ ಬಗೆ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಎಲ್ಲೋ ಒಂದು ಹಳೆಯ ಕಲಾಮಂದಿರ ನಿಮ್ಮ ಸಮಿತಿಯ ಕೈಗೆ ಬಂದಿದೆ ಎಂದಿಟ್ಟುಕೊಳ್ಳಿ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಸುತ್ತ ಜಗಲಿ, ಎದುರಿಗೆ ಮಣ್ಣಿನ ಅಂಗಳ, ಮೂಲೆಯಲ್ಲಿ ಕಟ್ಟೆ ಸಮೇತ ಒಂದು ಸುರಹೊನ್ನೆ ಮರ. ಬೇಸಿಗೆಯಲ್ಲಿ ಅಂಗಳದಲ್ಲಿ ಯಕ್ಷಗಾನದ ಆಟ, ಮಳೆಗಾಲದಲ್ಲಿ ಒಳಗೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಇದನ್ನು ಹೀಗೇ ಬಿಟ್ಟರೆ ಅನುದಾನ ವಾಪಸು ಹೋಗುತ್ತದೆ. ಆದ್ದರಿಂದ ಮೊದಲು ಡ್ರೋನ್ ತರಿಸಿ. ಜನ ಚಾಪೆ ಹಾಸಿ ಮೂರು ಬದಿಗೂ ಕೂತು ಆಟ ನೋಡುತ್ತಾರೆ ಎಂಬುದು ಡ್ರೋನಿಗೆ ಕಾಣುವುದಿಲ್ಲ, ಹಾಗಾಗಿ ಯೋಜನೆಯ ವಿವರ ವರದಿ ಅಂದರೆ ಡಿಪಿಆರ್‌ಗೂ ಬರುವುದಿಲ್ಲ.

ಅಂಗಳಕ್ಕೆ ಇಂಟರ್‌ಲಾಕ್. ಇದರಲ್ಲಿ ಚರ್ಚೆಯೇ ಇಲ್ಲ. ನಿಯಮದ ಪ್ರಕಾರ ಅಡಿಯಲ್ಲಿ ಚೆನ್ನಾಗಿ ದಮ್ಮಾಸು ಹೊಡೆದ ಜಲ್ಲಿ, ಅದರ ಮೇಲೆ 30ರಿಂದ 40 ಮಿ.ಮೀ. ಮರಳು, ಮೇಲೆ 60 ಮಿ.ಮೀ. ಬ್ಲಾಕು, ಮೇಳದ ಲಾರಿ ನಿಲ್ಲುವಲ್ಲಿ 80. ಅಂಚಿಗೆ ಕಾಂಕ್ರೀಟ್ ಕಟ್ಟು. ನೀರು ಹರಿಯಲು 50 ಅಡಿಗೆ 1 ಅಡಿ ಇಳಿಜಾರು. ಜಲ್ಲಿ ಹೇಗೂ ಕಣ್ಣಿಗೆ ಬೀಳುವುದಿಲ್ಲ, ಬಿಟ್ಟುಬಿಡಿ. ಅಂಚುಕಟ್ಟನ್ನು ಎರಡನೇ ಹಂತಕ್ಕೆ ದೂಡಿ. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಹೊಡೆಯುವ ಸೀಮೆ ನಮ್ಮದು; ಜೂನ್ ಮುಗಿಯುವುದರೊಳಗೆ ಮರಳು ಅಂಚಿನಿಂದ ಜಾರಿ ಗಟಾರ ಸೇರಿ, ಬ್ಲಾಕು ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏಳುತ್ತದೆ. ಜುಲೈಗೆ ಅದರ ಮೇಲೆ ಹಾವಸೆ. ಅಂಗಳದ ಮಟ್ಟ ಅರ್ಧ ಅಡಿ ಏರಿದ್ದನ್ನು ಯಾರೂ ಅಳೆದಿರುವುದಿಲ್ಲ. ಹಿಂದೆ ಮಣ್ಣು ಕುಡಿಯುತ್ತಿದ್ದ ನೀರು ಈಗ ನೇರ ವೇಷ ಕಟ್ಟುವ ಕೋಣೆಯಾದ ಚೌಕಿಯ ಒಳಗೆ ಬರುತ್ತದೆ. ಬರಲಿ, ವೇಷದವರು ಕಾಲು ತೊಳೆದುಕೊಳ್ಳಲಿಕ್ಕೆ ಆಯಿತು.

ಸುರಹೊನ್ನೆ ಮರ ಉಪ್ಪುಗಾಳಿಗೆ ಜಗ್ಗುವುದಿಲ್ಲ, ನೆರಳು ಕೊಡುತ್ತದೆ, ಕಾಯಿ ಉದುರಿಸುತ್ತದೆ. ಈ ಕೊನೆಯ ಕಾರಣಕ್ಕೆ ಕಡಿಯಿರಿ. ಅಲ್ಲಿ ರಾಯಲ್ ಪಾಮ್ ನೆಡಿ. ತೆಂಗಿನ ಸೀಮೆಯಲ್ಲಿ ಕಾಯಿ ಬಿಡದ ತೆಂಗಿನಂಥದ್ದು ಒಂದು ಇದ್ದರೆ ಆಡಳಿತ ನಡೆದಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಗೋಡೆಗೆ ಸ್ವಲ್ಪ ಶ್ರಮ ಬೇಕು. ಹಳೆಯವರು ಚಿಪ್ಪಿ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ, ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಗಾರೆ ಮಾಡಿ, ಅದರ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿ ತೆಗೆದು ಕಾವಿ ಚಿತ್ರ ಬರೆದಿದ್ದಾರೆ. ಎಸ್ಟಿಮೇಟಿನಲ್ಲಿ ಇದಕ್ಕೆ ‘ಹಳೆ ಬಣ್ಣ ಕೆರೆಯುವುದು, ಚದರ ಮೀಟರಿಗೆ’ ಎಂದು ಬರೆಯಬೇಕು. ಆಮೇಲೆ ಸಿಮೆಂಟ್ ಪ್ಲಾಸ್ಟರ್, ಎರಡು ಕೋಟು ಎಮಲ್ಷನ್. ಚಿರೆಕಲ್ಲಿನ ಮೈತುಂಬ ತೂತು, ನೆಲದ ನೀರನ್ನು ಅದು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆ ಅದನ್ನು ಹೊರಗೆ ಬಿಡುತ್ತಿತ್ತು, ಸಿಮೆಂಟು ತಡೆಯುತ್ತದೆ. ನೀರು ಒಳಗೇ ನಿಂತು, ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ, ಬಣ್ಣ ಹಪ್ಪಳದಂತೆ ಉಬ್ಬಿ ಏಳುತ್ತದೆ. ಪೇಂಟಿನವನನ್ನು ಬೈದು ಮೂರನೇ ಕೋಟು ಹೊಡೆಸಿ.

ಮಾಡಿನ ಹಂಚು 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಸರಕು, ಹಳೆಯದಾಯಿತು. ಒಂದು ಒಡೆದರೆ ಏಣಿ ಇಟ್ಟು ಒಂದೇ ಬದಲಿಸಬಹುದು, ಅಂದರೆ ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ. ಹಾಗಾಗಿ ತಗಡಿನ ಶೀಟು. ಜಡಿಮಳೆಯಲ್ಲಿ ತಾಳಮದ್ದಳೆ ನಡೆಯುವಾಗ ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ಏನೆಂದ ಎಂಬುದು ಎದುರಿಗೆ ಕೂತವರಿಗೂ ಕೇಳುವುದಿಲ್ಲ. ಕೊಡುವುದಿಲ್ಲ ಅಂದಿರಬಹುದು.

ಚೌಕಿಗೆ ‘ಗ್ರೀನ್ ರೂಮ್’ ಎಂದು ಬೋರ್ಡು ಹಾಕಿ. ವೇಷ ಕಟ್ಟುವವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಬಣ್ಣ ಹಚ್ಚುವವರು; ಅವರಿಗೆ ಮೂರಡಿ ಎತ್ತರದ ಗ್ರಾನೈಟ್ ಕಟ್ಟೆ, ತಿರುಗುವ ಸ್ಟೂಲು. ಮೇಲೆ 6,500 ಕೆಲ್ವಿನ್ನಿನ ಬೆಳ್ಳಗಿನ ಟ್ಯೂಬು. ಅದರಡಿ ಸರಿ ಕಂಡ ಕೆಂಪು ರಂಗಸ್ಥಳದ ಹಳದಿ ದೀಪಕ್ಕೆ ಬಂದರೆ ಬೇರೆಯೇ ಕೆಂಪು. ಬಾಗಿಲು ಮಾತ್ರ ಕ್ಯಾಟಲಾಗಿನದು, ಎರಡೂವರೆ ಅಡಿ. ಬಕಾಸುರ ಹೊರಡುವ ಹೊತ್ತಿಗೆ ಚಂಡೆ ಏರುತ್ತದೆ, ಭಾಗವತರು ಪದ ಎತ್ತುತ್ತಾರೆ, ಬಕಾಸುರ ಬಾಗಿಲಲ್ಲಿ ಅಡ್ಡ ತಿರುಗಿ, ಮಂಡಿ ಬಗ್ಗಿಸಿ, ಹಿಂದಿನಿಂದ ಒಬ್ಬ ಕಿರೀಟ ಹಿಡಿದು, ಮುಂದಿನಿಂದ ಇನ್ನೊಬ್ಬ ‘ಸ್ವಲ್ಪ ಎಡಕ್ಕೆ ಬನ್ನಿ ಹೆಗಡೇರೆ’ ಎಂದು ದಾಟಿಸುತ್ತಿರುತ್ತಾನೆ. ಇಷ್ಟಾದ ಮೇಲೆ ಭೀಮನಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ರ‍್ಯಾಂಪ್ ಕಡ್ಡಾಯ. ಒಂದಡಿ ಏರಲು 12 ಅಡಿ ಉದ್ದ ಬೇಕು. ಜಗಲಿ ಎರಡೂವರೆ ಅಡಿ ಎತ್ತರವಿದ್ದರೆ 30 ಅಡಿ. ಅಷ್ಟು ಜಾಗದಲ್ಲಿ ಸೆಲ್ಫಿ ಪಾಯಿಂಟ್ ಬರುವುದರಿಂದ 8 ಅಡಿಯಲ್ಲಿ ಮುಗಿಸಿ. ಗಾಲಿಕುರ್ಚಿಯವರು ಹತ್ತುವುದಿಲ್ಲ, ಇಳಿಯುವುದು ಮಾತ್ರ ಬೇಗ ಆಗುತ್ತದೆ.

ಸೆಲ್ಫಿ ಪಾಯಿಂಟಿನ ‘ಐ ಲವ್’ ಅಕ್ಷರಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಸಮುದ್ರದ ದಂಡೆಗೆ 316 ದರ್ಜೆ ಬೇಕು, ಅದರಲ್ಲಿ ಉಪ್ಪು ತಡೆಯುವ ಮಾಲಿಬ್ಡಿನಂ ಇರುತ್ತದೆ. ನೀವು 304 ತನ್ನಿ, ಹೊಳಪು ಒಂದೇ. ದಿನ ಕಳೆದಂತೆ ಲವ್ ಮೇಲೆ ಚಾ ಚೆಲ್ಲಿದ ಹಾಗೆ ಕಲೆ ಬೀಳುತ್ತದೆ.

ಟಾಗೋರರ ಪುತ್ಥಳಿಯನ್ನು ಮರೆಯಬೇಡಿ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಅವರು ಇಲ್ಲಿಗೆ ಬಂದರು. ಆಗ ವಯಸ್ಸು 22. ಸಮಿತಿಗೆ ಮೆಚ್ಚುಗೆಯಾಗುವುದು ಎದೆಯವರೆಗಿನ ಬಿಳಿ ಗಡ್ಡದ್ದೇ.

ಪುತ್ಥಳಿಯ ಸುತ್ತ ಕಾರಂಜಿ. ಉದ್ಘಾಟನೆಯ ಮರುದಿನ ಪಂಪು ನಿಲ್ಲುತ್ತದೆ, ನೀರು ನಿಲ್ಲುತ್ತದೆ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ಬರಲು 7ರಿಂದ 10 ದಿನ. ರಿಪೇರಿಯ ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಅದಕ್ಕಿಂತ ಹೆಚ್ಚು.

ಶೌಚಾಲಯ ಹಿಂದುಗಡೆ, ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಊಟಕ್ಕೆ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುವ ಊರಲ್ಲಿ ಇಂಗುಗುಂಡಿ ಏನನ್ನೂ ಇಂಗಿಸಿಕೊಳ್ಳುವುದಿಲ್ಲ ಎಂಬುದನ್ನು ಯಾರಾದರೂ ಎತ್ತಿದರೆ, ಬಿಲ್ಲು ಮಾರ್ಚ್ 31ರೊಳಗೆ ಆಗಬೇಕಿತ್ತು ಎಂದು ಹೇಳಿ.

ಇನ್ನು ಉಳಿದದ್ದು ಪಾರಂಪರಿಕ ಸ್ಪರ್ಶ. ಸಿಮೆಂಟ್ ಗೋಡೆಯ ಮೇಲೆ, ಮೊದಲು ಕೆರೆದ ಜಾಗದಲ್ಲೇ, ಕಾವಿ ಚಿತ್ರದ ಫ್ಲೆಕ್ಸ್ ಹಾಕಬೇಕು: 20 ಅಡಿ ಉದ್ದ, 8 ಅಡಿ ಎತ್ತರ. ಅಷ್ಟು ಹಾಕಿದರೆ ಎರಡು ಕಿಟಕಿ ಮುಚ್ಚುತ್ತವೆ. ಅಡ್ಡಿಲ್ಲ, ಎ.ಸಿ. ಮೂರನೇ ಹಂತದಲ್ಲಿದೆ.